ಸೇವಂತಿಗೆಗೆ ಗೊಬ್ಬರ: ಲೆಕ್ಕ ಹಿಡಿಯುವುದು ಚಿವುಟಿದ ದಿನದಿಂದ

ಹೊಸೂರು, ಡೆಂಕಣಿಕೋಟೆ ಕಡೆಯ ನಮ್ಮ ಕೆಂಪು ಮಣ್ಣಿನಲ್ಲಿ ಗೊಬ್ಬರ ಸಾಲದೆ ಸೇವಂತಿಗೆ ಕೆಡುವುದು ಕಡಿಮೆ. ಯೂರಿಯಾ ತಡವಾಗಿ ಬಿದ್ದು ಕೆಡುವುದೇ ಹೆಚ್ಚು. ಮೊಗ್ಗು ಕಂಡ ಮೇಲೆ ಯೂರಿಯಾ ಕೊಟ್ಟರೆ ಎಲೆ ಕಪ್ಪುಹಸಿರಾಗಿ ಸೊಕ್ಕುತ್ತದೆ, ಕಾಂಡ ಮೆತ್ತಗಾಗಿ ಮಳೆಗೆ ಮಲಗುತ್ತದೆ, ಕುಡಿಗೆ ಹೇನು ಮುತ್ತುತ್ತದೆ. ಹೂವೂ ಹಿಂದೆ ಬೀಳುತ್ತದೆ. ಆಯುಧಪೂಜೆ ಪೇಟೆ ತಪ್ಪಿದ ಮೇಲೆ ಎಷ್ಟು ಹೂ ಬಿಟ್ಟರೇನು?

ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಹೆಕ್ಟೇರಿಗೆ 25 ಟನ್ ಕೊಟ್ಟಿಗೆ ಗೊಬ್ಬರ, ಜೊತೆಗೆ ಸಾರಜನಕ 125, ರಂಜಕ 120, ಪೊಟ್ಯಾಷ್ 25 ಕೆ.ಜಿ. ಎಕರೆಗೆ ಇಳಿಸಿದರೆ 10 ಟನ್ ಗೊಬ್ಬರ, ಸಾರಜನಕಕ್ಕೆ ಸುಮಾರು 108 ಕೆ.ಜಿ. ಯೂರಿಯಾ, ರಂಜಕಕ್ಕೆ 300 ಕೆ.ಜಿ. ಸೂಪರ್ ಫಾಸ್ಫೇಟ್, ಪೊಟ್ಯಾಷಿಗೆ 17 ಕೆ.ಜಿ. ಮ್ಯೂರಿಯೇಟ್ ಆಫ್ ಪೊಟ್ಯಾಷ್. ಸೂಪರ್ ಬದಲು ಡಿಎಪಿ (ಡೈ ಅಮೋನಿಯಂ ಫಾಸ್ಫೇಟ್) ಹಾಕುವವರು 104 ಕೆ.ಜಿ. ಹಾಕಿ, ಅದರಲ್ಲೇ 19 ಕೆ.ಜಿ. ಸಾರಜನಕ ಬರುವುದರಿಂದ ಯೂರಿಯಾದಲ್ಲಿ 40 ಕೆ.ಜಿ. ಕಳೆಯಬೇಕು. ಈ ಕಳೆಯುವ ಲೆಕ್ಕವನ್ನೇ ಬಹಳ ಜನ ಮರೆಯುವುದು.

ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಸೂಪರ್, ಪೊಟ್ಯಾಷ್ ಮೂರನ್ನೂ ದಿಣ್ಣೆ ಏರಿಸುವ ಮೊದಲೇ ಮಣ್ಣಿಗೆ ಸೇರಿಸುತ್ತೇನೆ. ರಂಜಕ ಬಿದ್ದ ಜಾಗ ಬಿಟ್ಟು ಹೆಚ್ಚು ಸರಿಯುವುದಿಲ್ಲ, ಆಮೇಲೆ ಮೇಲೆ ಚೆಲ್ಲಿದರೆ ಬೇರಿಗೆ ಸಿಗುವುದೂ ಅಷ್ಟಕ್ಕಷ್ಟೇ. ಅರ್ಧ ಯೂರಿಯಾವನ್ನೂ ನಾಟಿಯ ಹೊತ್ತಿಗೇ ಹಾಕಬೇಕೆಂದು ಶಿಫಾರಸು. ನಾನು ಮಾತ್ರ ಸಸಿ ಬೇರು ಹಿಡಿದು ಹೊಸ ಎಲೆ ತೆಗೆಯುವವರೆಗೆ, ಅಂದರೆ 10–12 ದಿನ, ತಡೆಯುತ್ತೇನೆ. ಎಳೆ ಬೇರಿಗೆ ಯೂರಿಯಾ ತಗುಲಿದರೆ ಸುಟ್ಟು ಸಾಲಿನಲ್ಲಿ ಸಂದು ಬೀಳುತ್ತದೆ.

ನಾಟಿಯಾದ ನಾಲ್ಕನೇ ವಾರ ಕುಡಿ ಚಿವುಟುವುದು. ಮುಂದಿನದಕ್ಕೆಲ್ಲ ಈ ದಿನವೇ ಗುರುತು. ಉಳಿದ 54 ಕೆ.ಜಿ. ಯೂರಿಯಾವನ್ನು ಎರಡು ಪಾಲು ಮಾಡಿ, ಚಿವುಟಿದ 3–4 ದಿನಕ್ಕೆ ಒಂದು, ಅದಾಗಿ 15 ದಿನಕ್ಕೆ ಇನ್ನೊಂದು ಕೊಡುತ್ತೇನೆ. ಪಕ್ಕದ ಕವಲು ಒಡೆಯುವ ಈ ಹೊತ್ತಿನಲ್ಲೇ ಗಿಡಕ್ಕೆ ಹಸಿವು ಹೆಚ್ಚು. ಕವಲು ಎಷ್ಟೋ ಹೂವೂ ಅಷ್ಟು. ಬುಡದಿಂದ ನಾಲ್ಕು ಬೆರಳು ದೂರ, ಹದವಿರುವ ಮಣ್ಣಿಗೆ ಹಾಕಿ, ಮಣ್ಣು ಏರಿಸಿ, ನೀರು ಕೊಡಬೇಕು. ಒಣ ಮಣ್ಣಿಗೆ ಬೇಡ, ಜೋರು ಮಳೆ ಬರುವ ಹಾಗಿದ್ದರೂ ಬೇಡ.

ಮೊಗ್ಗು ತಡೆಹಿಡಿಯಲು ರಾತ್ರಿ ಬಲ್ಬ್ ಉರಿಸುವ ತೋಟದಲ್ಲಿ ಲೆಕ್ಕ ಇನ್ನೂ ಬಿಗಿ. ಸೇವಂತಿಗೆ ಮೊಗ್ಗಿಗೆ ತಿರುಗುವುದು ರಾತ್ರಿ ಉದ್ದವಿದ್ದಾಗ. ನಮ್ಮಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ, ಹಾಗಾಗಿ ದೀಪ ಆರಿಸಿದರೆ ಗಿಡ ಮೊಗ್ಗಿನ ದಾರಿ ಹಿಡಿದಂತೆಯೇ. ಕೊನೆಯ ಯೂರಿಯಾ ದೀಪ ಆರಿಸುವ ಮೊದಲೇ ಮುಗಿದಿರಬೇಕು.

ಮೊಗ್ಗು ಸಾಸಿವೆ ಗಾತ್ರಕ್ಕೆ ಬಂದಾಗ ಪೊಟ್ಯಾಷಿಯಂ ನೈಟ್ರೇಟ್, ಅಂದರೆ 13:0:45 (ಸಾರಜನಕ, ರಂಜಕ, ಪೊಟ್ಯಾಷ್‌ಗಳ ಶೇಕಡಾವಾರು), ಲೀಟರಿಗೆ 5 ಗ್ರಾಂ ಬೆರೆಸಿ ಸಂಜೆ ಸಿಂಪಡಿಸುತ್ತೇನೆ. ಹತ್ತು ದಿನ ಬಿಟ್ಟು ಇನ್ನೊಮ್ಮೆ. ಬಣ್ಣ ಕಂಡ ಮೇಲೆ ಏನೂ ಸಿಂಪಡಿಸುವುದಿಲ್ಲ, ದಳದ ಮೇಲೆ ಕಲೆ ನಿಲ್ಲುತ್ತದೆ. ಡ್ರಿಪ್ಪಿನಲ್ಲಿ ಕೊಡುವವರು ಕ್ಯಾಲ್ಸಿಯಂ ನೈಟ್ರೇಟನ್ನು ರಂಜಕ ಅಥವಾ ಸಲ್ಫೇಟ್ ಇರುವ ಗೊಬ್ಬರದ ಜೊತೆ ಒಂದೇ ಡ್ರಮ್ಮಿಗೆ ಹಾಕಬೇಡಿ, ಗಸಿ ಕಟ್ಟಿ ರಂಧ್ರ ಮುಚ್ಚುತ್ತದೆ.

ಎಲೆ ಹಳದಿಯಾದರೆ ಯಾವ ಎಲೆ ಎಂದು ಮೊದಲು ನೋಡಬೇಕು. ಕೆಳಗಿನ ಹಳೆ ಎಲೆ ಇಡೀ ಹಳದಿಯಾದರೆ ಸಾರಜನಕದ ಕೊರತೆ ಇರಬಹುದು, ಬೇರಿನಲ್ಲಿ ನೀರು ನಿಂತಿದ್ದರೂ ಹಾಗೇ ಆಗುತ್ತದೆ. ತುದಿಯ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಕಬ್ಬಿಣದ್ದು. ಅದಕ್ಕೆ ಯೂರಿಯಾ ಸುರಿದು ಫಲವಿಲ್ಲ, ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಸಿಂಪಡಿಸಬೇಕು.

ಹೂ ಮುಗಿದು ಬುಡ ಕತ್ತರಿಸಿ, ಅದೇ ಬುಡ ಮತ್ತೆ ಚಿಗುರಲೆಂದು ಕೂಳೆ ಬಿಟ್ಟರೆ ರಸಗೊಬ್ಬರ ಮತ್ತೆ ಅಷ್ಟೇ ಪ್ರಮಾಣ. ಆಗ ಸೂಪರ್ ಮತ್ತು ಪೊಟ್ಯಾಷನ್ನು ದಿಣ್ಣೆಯ ಪಕ್ಕ ಗೀರು ತೆಗೆದು ಹಾಕಿ ಮುಚ್ಚುತ್ತೇನೆ.