‘ಏನೂ ಮಾಡಂಗಿಲ್ರೀ’ ಅನ್ನುವ ಮೊದಲು: ಹೊಸಬರ ಮುಂದೆ ಸುಮ್ಮನಿರೋದನ್ನು ನಾಯಿಗೆ ಕಲಿಸುವುದು ಹೇಗೆ?

“ಬರ್ರಿ ಬರ್ರಿ, ಏನೂ ಮಾಡಂಗಿಲ್ರೀ.”

ನಮ್ಮ ಕಡೆ ನಾಯಿ ಸಾಕಿದ ಮನೆಯ ಗೇಟಿನಲ್ಲಿ ನಿಂತರೆ ಮೊದಲು ಕೇಳುವ ಮಾತು ಇದು. ಬಾಗಲಕೋಟೆಯ ನವನಗರದಲ್ಲಿ ನಾನೂ ವರ್ಷಗಟ್ಟಲೆ ಇದನ್ನೇ ಹೇಳಿಕೊಂಡು ಬಂದವನು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಕೊರಿಯರ್ ಹುಡುಗ ಬಂದ. ನಾನು ಪಡಸಾಲೆಯಿಂದಲೇ ಕೂಗಿ ಹೇಳಿದೆ, ಅವನು ಗೇಟ್ ತೆಗೆದ. ಪಾರಿಜಾತದ ನೆರಳಲ್ಲಿ ಮಲಗಿದ್ದ ನಮ್ಮ ಬಿಜ್ಲಿ ಯಾವಾಗ ಎದ್ದಿತೋ ಗೊತ್ತಿಲ್ಲ, ಅವನು ತಿರುಗಿ ಓಡಿದ, ಅದು ಬೆನ್ನು ಹತ್ತಿತು, ಹುಡುಗ ತನ್ನದೇ ಬೈಕಿಗೆ ಎಡವಿ ಬಿದ್ದ. ಕಚ್ಚಲಿಲ್ಲ. ಆದರೆ ಮೊಣಕಾಲು ಕೆತ್ತಿ ರಕ್ತ ಬಂತು, ಪ್ಯಾಂಟ್ ಹರಿಯಿತು. ಗಾಯ ತೊಳೆದು ಔಷಧ ಹಚ್ಚುವಾಗ ಅವನು ಬೈಯಲೂ ಇಲ್ಲ. “ನೀವು ಏನೂ ಮಾಡಂಗಿಲ್ಲ ಅಂದ್ರಿ, ಅದಕ್ಕ ಗೇಟ್ ತಗದೆ ಸರ” ಅಂದ ಅಷ್ಟೇ.

ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಆವತ್ತಿನಿಂದ ಕಲಿತದ್ದನ್ನು, ಪಶುವೈದ್ಯರನ್ನು ಕಾಡಿಸಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಶುರುವಿಗೇ ಒಂದು ಮಾತು. ನಿಮ್ಮ ನಾಯಿ ಬಂದವರನ್ನೆಲ್ಲ ಪ್ರೀತಿಸಬೇಕು, ಬಾಲ ಅಲ್ಲಾಡಿಸಬೇಕು ಅಂತೇನಿಲ್ಲ. ಯಾರೋ ಬಂದರು, ಹೋಗುತ್ತಾರೆ ಬಿಡು ಅಂತ ತನ್ನ ಪಾಡಿಗೆ ತಾನಿದ್ದರೆ ಸಾಕು. ನಮ್ಮ ಗುರಿ ಅಷ್ಟೇ.

ನಿಮ್ಮ ನಾಯಿ ಯಾವ ಕೆಲಸಕ್ಕೆ ಹುಟ್ಟಿದ್ದು?

ನಮ್ಮ ಬಿಜ್ಲಿ ಮುಧೋಳ ನಾಯಿ. ಮುಧೋಳ ನಾಯಿ ಅಂದರೆ ನಮ್ಮ ಜಿಲ್ಲೆಯವರಿಗೆ ಹೆಮ್ಮೆ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಅವರು ಈ ತಳಿ ಬೆಳೆಸಿದ್ದು, 2005ರಲ್ಲಿ ಅಂಚೆ ಚೀಟಿ ಬಂದಿದ್ದು, 2016ರಲ್ಲಿ ಸೇನೆಯವರು ಮರಿಗಳನ್ನು ತರಬೇತಿಗೆ ಮೀರತ್‌ಗೆ ಒಯ್ದಿದ್ದು, ಎಲ್ಲ ಸರಿ. ಆದರೆ ಅದು ಬೇಟೆ ನಾಯಿ. ಅದೂ ಮೂಸಿ ಹುಡುಕುವ ಜಾತಿಯಲ್ಲ, ಕಣ್ಣಿಂದ ನೋಡಿ ಅಟ್ಟಿಸಿಕೊಂಡು ಹೋಗುವ ಜಾತಿ. ಓಡುವುದು ಏನೇ ಕಂಡರೂ, ಮೊಲ ಆಗಲಿ, ಸೈಕಲ್ ಆಗಲಿ, ಕೊರಿಯರ್ ಹುಡುಗ ಆಗಲಿ, ಯೋಚನೆಗಿಂತ ಮುಂಚೆ ಕಾಲು ಓಡುತ್ತವೆ. ಜೊತೆಗೆ ಹೊಸಬರು ಮೈ ಮುಟ್ಟುವುದು ಅದಕ್ಕೆ ಆಗಿಬರಲ್ಲ. ಇದು ದೋಷ ಅಲ್ಲ, ಸ್ವಭಾವ. ಮರಿ ಬೇಕು ಅನ್ನುವವರು ದುಡ್ಡು ಕೊಡುವ ಮೊದಲು ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, ಅಲ್ಲಿ ಹೋಗಿ ದೊಡ್ಡ ನಾಯಿಗಳನ್ನು ಒಮ್ಮೆ ನೋಡಿ ಬನ್ನಿ. ದಿನಾ ಓಡಾಡಿಸಲು ಪುರುಸೊತ್ತಿಲ್ಲದ ಮನೆಗೆ ಇದು ಸಲ್ಲ.

ಇನ್ನೊಂದು, ಬೆಲ್ಟ್ ವಿಷಯ. ಈ ನಾಯಿಯ ತಲೆ ಸಣ್ಣ, ಕುತ್ತಿಗೆಯೇ ದಪ್ಪ. ಮಾಮೂಲಿ ಬೆಲ್ಟು ಹಿಂದಕ್ಕೆ ಜಗ್ಗಿದರೆ ಸರಕ್ಕನೆ ಕಳಚಿ ಕೈಗೆ ಬರುತ್ತದೆ, ನಾಯಿ ಆಚೆ ಓಣಿಯಲ್ಲಿರುತ್ತದೆ. ಎಳೆದಾಗ ಸ್ವಲ್ಪವೇ ಬಿಗಿಯಾಗುವ ಅಗಲ ಪಟ್ಟಿ ಸಿಗುತ್ತದೆ, ಇಲ್ಲವೇ ಎದೆಗೆ ಹಾಕುವ ಹಾರ್ನೆಸ್ ತನ್ನಿ. ಉದ್ದ ಬಿಟ್ಟುಕೊಳ್ಳುವ ರೀಲಿನ ಹಗ್ಗ ಬೇಡವೇ ಬೇಡ.

ಮರಿ ಇದ್ದಾಗ: ಮೂರನೇ ವಾರದಿಂದ ಮೂರೂವರೆ ತಿಂಗಳು

ಮೂರು ವಾರದಿಂದ ಸುಮಾರು 14 ವಾರದ ತನಕ ಮರಿ ಏನೇನು ನೋಡುತ್ತದೋ ಅದೆಲ್ಲ ಲೋಕದಲ್ಲಿ ಇರುವಂಥದ್ದೇ ಅಂತ ಒಪ್ಪಿಕೊಳ್ಳುತ್ತದೆ. ಆಮೇಲೆ ಹೊಸದು ಕಂಡರೆ ಮೊದಲು ಅನುಮಾನ. ಮನೆಯೊಳಗೇ ಬೆಳೆದ ಮರಿ ದೊಡ್ಡದಾದ ಮೇಲೆ ಎಲ್ಲರಿಗೂ ಬೊಗಳುವುದು ಇದಕ್ಕೇ.

ತೊಂದರೆ ಏನೆಂದರೆ ಲಸಿಕೆ ಮುಗಿಯುವ ಮೊದಲು ಮರಿಯನ್ನು ಬೀದಿಯಲ್ಲಿ ಬಿಡುವಂತಿಲ್ಲ, ಪಾರ್ವೊ (ಮರಿಗಳಿಗೆ ಬರುವ ವಾಂತಿ-ಭೇದಿ ರೋಗ) ಬಂದರೆ ಉಳಿಸಿಕೊಳ್ಳುವುದು ಕಷ್ಟ. ಅದಕ್ಕೆ ಎತ್ತಿಕೊಂಡು ಹೋಗಿ. ಬಸ್ ಸ್ಟ್ಯಾಂಡ್ ಹತ್ತಿರ ಹತ್ತು ನಿಮಿಷ ನಿಲ್ಲಿ, ಸಂತೆಯ ಅಂಚಿನಲ್ಲಿ ಕೂಡಿ. ಹೆಲ್ಮೆಟ್ ಹಾಕಿದವರು, ಬುರ್ಖಾ ಹಾಕಿದವರು, ರುಮಾಲು ಸುತ್ತಿದ ಅಜ್ಜ, ಕೋಲೂರಿಕೊಂಡು ನಡೆಯುವವರು, ಛತ್ರಿ, ಸಿಲಿಂಡರ್ ಹೊತ್ತವರು, ತಲೆ ಮೇಲೆ ಎಲ್ಲಮ್ಮನ ಜಗ ಹೊತ್ತು ಬರುವ ಜೋಗಮ್ಮ. ನಾಯಿಯ ಕಣ್ಣಿಗೆ ಇವರೆಲ್ಲ ಬೇರೆ ಬೇರೆ ಆಕಾರ. ಒಬ್ಬೊಬ್ಬರು ಕಂಡಾಗಲೂ ಬಾಯಿಗೆ ಒಂದು ತುಣುಕು ಕೊಡಿ. ಮರಿಯನ್ನು ಯಾರ ಕೈಗೂ ಕೊಡಬೇಡಿ, ನೋಡಿದರೆ ಸಾಕು.

ರೇಬಿಸ್ ಚುಚ್ಚುಮದ್ದು ಮೂರು ತಿಂಗಳಿಗೆ. ಬೂಸ್ಟರ್ ಯಾವಾಗ ಅಂತ ಡಾಕ್ಟರು ಬರೆದುಕೊಡುತ್ತಾರೆ, ಮುಂದೆ ವರ್ಷ ವರ್ಷ ತಪ್ಪಿಸುವಂತಿಲ್ಲ.

ತುಣುಕು ಅಂದರೆ ಏನು?

ಪೇಟೆಯ ಬಿಸ್ಕತ್ತೇ ಬೇಕಂತಿಲ್ಲ. ನಮ್ಮ ಮನೆಯಲ್ಲಿ ಕಟಕ ರೊಟ್ಟಿಯನ್ನು ಕಡಲೆಬೇಳೆಯಷ್ಟು ಸಣ್ಣಗೆ ಮುರಿದು ಡಬ್ಬಿಯಲ್ಲಿ ಇಟ್ಟಿರುತ್ತೇವೆ. ಮನೆಯೊಳಗಿನ ಪಾಠಕ್ಕೆ ಅದು ಸಾಕು. ಗೇಟಿನ ಹತ್ತಿರದ ಪಾಠಕ್ಕೆ ರೊಟ್ಟಿ ನಡೆಯಲ್ಲ, ಅಲ್ಲಿ ಬೇಯಿಸಿದ ಮೊಟ್ಟೆಯೋ ಕೋಳಿಯ ಚೂರೋ ಬೇಕು. ಕಷ್ಟದ ಕೆಲಸಕ್ಕೆ ಜಾಸ್ತಿ ಕೂಲಿ.

ದ್ರಾಕ್ಷಿ ಮಾತ್ರ ಕೊಡಬೇಡಿ. ವಿಜಯಪುರದ ಕಡೆ ಮಣೂಕ ಇಲ್ಲದ ಮನೆಯಿಲ್ಲ, ಮಕ್ಕಳು ಪ್ರೀತಿಯಿಂದ ನಾಯಿಗೂ ನಾಲ್ಕು ಹಾಕಿಬಿಡುತ್ತಾರೆ. ಹಸಿ ದ್ರಾಕ್ಷಿ, ಒಣ ದ್ರಾಕ್ಷಿ ಎರಡೂ ನಾಯಿಯ ಕಿಡ್ನಿಗೆ ವಿಷ. ಹಾಗಾಗಿ ದ್ರಾಕ್ಷಿ ಬಿದ್ದ ಕರದಂಟೂ ಬೇಡ. ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿಯೂ ದೂರ ಇರಲಿ.

ಒಂದೇ ಮಾತು, ಒಂದೇ ಜಾಗ

ನಮ್ಮ ಮನೆಯಲ್ಲಿ ಅವ್ವ “ಕುಂಡ್ರು” ಅನ್ನುತ್ತಿದ್ದರು, ಮಗಳು “ಸಿಟ್” ಅನ್ನುತ್ತಿದ್ದಳು, ನಾನು “ಏ, ಸುಮ್ನ ಇರು” ಅಂತ ಗದರುತ್ತಿದ್ದೆ. ಪಾಪ, ನಾಯಿ ಯಾರ ಮಾತು ಕೇಳಬೇಕು? ಮನೆಯವರೆಲ್ಲ ಕೂತು ಒಂದು ಮಾತು ಗೊತ್ತು ಮಾಡಿಕೊಳ್ಳಿ. ನಮ್ಮಲ್ಲಿ ಅವ್ವ ಗೆದ್ದರು.

ಪಡಸಾಲೆಯ ಒಂದು ಮೂಲೆಯಲ್ಲಿ, ಗೇಟ್ ಕಾಣುವಂತೆ ಆದರೆ ದಾರಿಗೆ ಅಡ್ಡ ಬರದಂತೆ, ಒಂದು ಗೋಣಿತಟ್ಟು ಹಾಸಿ. ಅದರ ಮೇಲೆ ತುಣುಕು ಎಸೆಯಿರಿ. ನಾಯಿ ಹೋಗಿ ತಿನ್ನುತ್ತದೆ. ನಾಲ್ಕು ಕಾಲೂ ತಟ್ಟಿನ ಮೇಲಿರುವಾಗ ಇನ್ನೊಂದು ಕೊಡಿ. ಎರಡು ಮೂರು ದಿನದಲ್ಲಿ ತಾನೇ ಹೋಗಿ ನಿಂತು ನಿಮ್ಮ ಮುಖ ನೋಡಲು ಶುರು ಮಾಡುತ್ತದೆ. ಆಗ “ಕುಂಡ್ರು” ಅನ್ನಿ, ಕೂತಾಗ ಕೊಡಿ. ಮೊದಲು ಐದು ಸೆಕೆಂಡ್, ಆಮೇಲೆ ಹತ್ತು, ಆಮೇಲೆ ನೀವು ಎರಡು ಹೆಜ್ಜೆ ದೂರ ಹೋಗಿ ಬಂದು ಕೊಡುವುದು. ದಿನಕ್ಕೆ ಎರಡು ಸಲ, ಐದೈದು ನಿಮಿಷ, ಅಷ್ಟೇ. ಅರ್ಧ ಗಂಟೆ ಮಾಡಿದರೆ ನಾಯಿಗೂ ಬೇಸರ, ನಿಮಗೂ ಸಿಟ್ಟು.

ಗೇಟಿನ ಸದ್ದು

ಇದೇ ಎಲ್ಲಕ್ಕಿಂತ ಕಷ್ಟದ್ದು, ನಮಗೆ ನಾಲ್ಕು ತಿಂಗಳು ಹಿಡಿಯಿತು. ನಾಯಿಯ ಲೆಕ್ಕ ನೋಡಿ: ಚಿಲಕ ಸದ್ದಾಯಿತು, ನಾನು ಬೊಗಳಿದೆ, ಪೋಸ್ಟ್‌ಮ್ಯಾನ್ ಹೋದ. ಅಂದರೆ ನಾನು ಬೊಗಳಿದ್ದಕ್ಕೇ ಹೋದ! ಅವನು ಹೇಗಿದ್ದರೂ ಹೋಗುವವನು ಅಂತ ಅದಕ್ಕೇನು ಗೊತ್ತು? ದಿನಾ ಗೆಲ್ಲುವ ಆಟವನ್ನು ಯಾರು ಬಿಡುತ್ತಾರೆ?

ಅದಕ್ಕೆ ಮೊದಲು ಸದ್ದನ್ನು ಮಂದಿಯಿಂದ ಬೇರೆ ಮಾಡಿ. ಯಾರೂ ಇಲ್ಲದಾಗ ಮನೆಯವರೇ ಚಿಲಕ ಅಲ್ಲಾಡಿಸಲಿ, ನೀವು ತಟ್ಟಿನ ಮೇಲೆ ಮೊಟ್ಟೆಯ ಚೂರು ಹಾಕಿ. ಹತ್ತು ಸಲ, ಇಪ್ಪತ್ತು ಸಲ. ಚಿಲಕ ಸದ್ದಾದರೆ ನಾಯಿ ಗೇಟಿನ ಕಡೆ ಹೋಗುವ ಬದಲು ತಟ್ಟಿನ ಕಡೆ ತಿರುಗಬೇಕು, ಅಲ್ಲಿಯವರೆಗೆ ಮುಂದಕ್ಕೆ ಹೋಗಬೇಡಿ. ಆಮೇಲೆ ಪಕ್ಕದ ಮನೆಯವರನ್ನು ಕರೆದು ಚಿಲಕ ತೆಗೆಸಿ, ಗೇಟ್ ಹೊರಗೇ ನಿಲ್ಲಿಸಿ. ಬಂದವರು ನಾಯಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು, ಕೈ ಚಾಚಬಾರದು, ಸ್ವಲ್ಪ ಓರೆಯಾಗಿ ನಿಂತು ನಿಮ್ಮ ಜೊತೆ ಮಾತಾಡಲಿ. ಈ ಸಮಯದಲ್ಲಿ ನಾಯಿಗೆ ಹಗ್ಗ ಹಾಕಿರಲೇಬೇಕು. ಬೊಗಳಿದರೆ ಕೂಗಬೇಡಿ. ನೀವು ಕೂಗಿದರೆ ಯಜಮಾನರೂ ಜೊತೆಗೆ ಬೊಗಳುತ್ತಿದ್ದಾರೆ ಅಂದುಕೊಳ್ಳುತ್ತದೆ. ಬಂದವರನ್ನು ಇನ್ನೂ ನಾಲ್ಕು ಹೆಜ್ಜೆ ಹಿಂದೆ ನಿಲ್ಲಿಸಿ, ಮತ್ತೆ ಶುರು ಮಾಡಿ.

ಪಾಠ ನಡೆದಿರುವಾಗ ನಿಜವಾದ ಸಿಲಿಂಡರಿನವರು ಬಂದರೆ? ನಾಯಿಯನ್ನು ಒಳಕೋಣೆಗೆ ಹಾಕಿ ಬಾಗಿಲು ಮುಚ್ಚಿ. ಅವರು ಪಾಪ ಕೆಲಸಕ್ಕೆ ಬಂದವರು, ನಮ್ಮ ಪ್ರಯೋಗಕ್ಕೆ ಬಂದವರಲ್ಲ.

ಓಣಿಯಲ್ಲಿ

ಹೊರಗೆ ದೂರವೇ ಔಷಧ. ಹೊಸಬರು ಎಷ್ಟು ದೂರ ಇದ್ದಾಗ ನಾಯಿ ನೋಡುತ್ತದೆ ಆದರೆ ಬಿಗಿಯಾಗಲ್ಲ? ಬಿಜ್ಲಿಗೆ ಶುರುವಿನಲ್ಲಿ ಅದು ಸುಮಾರು 40 ಅಡಿ. ಅಷ್ಟು ದೂರದಲ್ಲೇ ನಿಲ್ಲಿ. ಅದು ಮನುಷ್ಯನನ್ನು ನೋಡಿತು, ಕೊಡಿ. ಮತ್ತೆ ನೋಡಿತು, ಕೊಡಿ. ಸ್ವಲ್ಪ ದಿನಕ್ಕೆ ಮನುಷ್ಯನನ್ನು ನೋಡಿ ತಾನಾಗಿಯೇ ನಿಮ್ಮ ಕಡೆ ತಿರುಗುತ್ತದೆ, “ನೋಡಿದೆ, ಎಲ್ಲಿ ನನ್ನದು?” ಅನ್ನುವ ಹಾಗೆ. ಆಗ ಐದು ಅಡಿ ಹತ್ತಿರ ಹೋಗಿ. ತುಣುಕು ತಿನ್ನುವುದನ್ನೇ ಬಿಟ್ಟಿತು ಅಂದರೆ ಜಾಸ್ತಿ ಹತ್ತಿರ ಬಂದಿರಿ ಅಂತ ಅರ್ಥ, ಹಿಂದೆ ಸರಿಯಿರಿ.

ಬೇಸಿಗೆಯಲ್ಲಿ ಬೆಳಿಗ್ಗೆ ಆರಕ್ಕೇ ಮುಗಿಸಿ. ಟಾರಿನ ಮೇಲೆ ಅಂಗೈಯ ಹಿಂಭಾಗ ಇಟ್ಟು ಏಳು ಎಣಿಸಲು ಆಗಲಿಲ್ಲ ಅಂದರೆ ಅದರ ಪಾದಕ್ಕೂ ಆಗಲ್ಲ. ಕಾಲು ಸುಡುವ ನಾಯಿಗೆ ಪಾಠ ಹತ್ತಲ್ಲ. ಹೊಲಸು ಮಾಡಿದರೆ ಎತ್ತಿ, ಅದಕ್ಕೊಂದು ಚೀಲ ಜೇಬಿನಲ್ಲಿರಲಿ.

“ಮುಟ್ಟಲಾ ಅಂಕಲ್?” ಅಂತ ಮಕ್ಕಳು ಕೇಳುತ್ತಾರೆ. ಬೇಡ ಅನ್ನುವುದನ್ನು ಕಲಿಯಿರಿ. ನನಗೆ ಇದೇ ಎಲ್ಲಕ್ಕಿಂತ ಮುಜುಗರದ ಪಾಠ.

ಗುರ್ ಅಂದರೆ ಹೊಡೆಯಬೇಡಿ

ಬೊಗಳುವ ನಾಯಿ ಕಚ್ಚಲ್ಲ ಅಂತ ಗಾದೆ ಇದೆ. ನಂಬಬೇಡಿ, ಬೊಗಳುವ ನಾಯಿಯೂ ಕಚ್ಚುತ್ತದೆ. ಬಾಲ ಅಲ್ಲಾಡಿಸುವ ನಾಯಿಯೂ ಕಚ್ಚುತ್ತದೆ. ಕಚ್ಚುವ ಮೊದಲು ಅದು ಬೇಕಾದಷ್ಟು ಸಲ ಹೇಳಿರುತ್ತದೆ, ನಮಗೆ ಕೇಳಿರಲ್ಲ. ನಿದ್ದೆ ಇಲ್ಲದಿದ್ದರೂ ಆಕಳಿಸುವುದು, ಏನೂ ತಿನ್ನದೆ ತುಟಿ ನೆಕ್ಕುವುದು, ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆ ನೋಡುವುದು, ಆಮೇಲೆ ಮೈಯೆಲ್ಲ ಕಲ್ಲಿನಂತೆ ಆಗಿ ಬಾಯಿ ಮುಚ್ಚಿ ನಿಲ್ಲುವುದು. ಅದಾದ ಮೇಲೆ ಗುರ್. ಆ ಗುರ್ ಅಂದಿದ್ದಕ್ಕೆ ಏಟು ಕೊಟ್ಟರೆ ಭಯ ಹೋಗಲ್ಲ, ಗುರ್ ಅನ್ನುವುದು ಮಾತ್ರ ಹೋಗುತ್ತದೆ. ಮುಂದಿನ ಸಲ ಸೀದಾ ಹಲ್ಲು. ಗುರ್ ಅಂದರೆ ಅಲ್ಲಿಂದ ದೂರ ಕರೆದುಕೊಂಡು ಹೋಗಿ.

ಕತ್ತಲೆಯಲ್ಲಿ ಕಟ್ಟಿದರೆ ನಾಯಿ ಖಡಕ್ ಆಗುತ್ತದೆ ಅಂತ ನಂಬಿದವರು ಇನ್ನೂ ಇದ್ದಾರೆ. ಆಗುವುದು ಖಡಕ್ ಅಲ್ಲ, ಹೆದರುಪುಕ್ಕಲು, ಮತ್ತು ಹೆದರಿದ ನಾಯಿಯೇ ಬೇಗ ಕಚ್ಚುವುದು. ದಿನವಿಡೀ ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕುವುದು, ಓಡಾಡಿಸದೇ ಇರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧವೂ ಹೌದು.

ಹೋಳಿ ಬಂದಾಗ

ಬಾಗಲಕೋಟೆಯ ಹೋಳಿ ಗೊತ್ತಲ್ಲ, ಹಲಗೆ ಸದ್ದು ಎಷ್ಟೋ ದಿನ ಮೊದಲೇ ಶುರು. ಬಣ್ಣದ ದಿನ ನಿಮ್ಮ ಸ್ವಂತ ತಮ್ಮನೂ ನಾಯಿಗೆ ಹೊಸಬನೇ, ಮುಖ ನೇರಳೆ, ವಾಸನೆ ಬೇರೆ, ಕೈಯಲ್ಲಿ ಪಿಚಕಾರಿ. ಆವತ್ತು ಯಾವ ಪಾಠವೂ ನಿಲ್ಲಲ್ಲ. ಒಳಕೋಣೆ, ಜೋರಾಗಿ ಫ್ಯಾನು, ಕಡಿಯಲು ಒಂದು ಎಲುಬು (ಬೇಯಿಸಿದ್ದು ಬೇಡ, ಸೀಳಿ ಗಂಟಲಿಗೆ ಚುಚ್ಚುತ್ತದೆ). ಹಲಗೆ ಸದ್ದನ್ನು ತಿಂಗಳ ಮೊದಲಿಂದಲೇ ಮೊಬೈಲಿನಲ್ಲಿ ಸಣ್ಣಗೆ ಹಚ್ಚಿ, ಊಟದ ಹೊತ್ತಿಗೆ ಕೇಳಿಸುತ್ತಾ ದಿನಾ ಸ್ವಲ್ಪ ಸ್ವಲ್ಪ ಏರಿಸಿ. ನಮಗೆ ಇದು ಅರ್ಧ ಕೆಲಸ ಮಾಡಿದೆ, ಪೂರ್ತಿ ಅಲ್ಲ.

ಡಾಕ್ಟರ ಹತ್ತಿರ ಹೋಗುವಾಗ ಬಾಯಿಗೆ ಜಾಲರಿ ಬೇಕಾಗಬಹುದು. ಹೊಲದಲ್ಲಿ ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆ ಥರದ್ದು ತನ್ನಿ, ಅದರೊಳಗೆ ಬಾಯಿ ತೆರೆದು ತೇಕಲು, ನೀರು ಕುಡಿಯಲು ಆಗಬೇಕು. ಒಳಗೆ ತುಣುಕಿಟ್ಟು ತಾನೇ ಮೂತಿ ಹಾಕುವಂತೆ ವಾರಗಟ್ಟಲೆ ರೂಢಿ ಮಾಡಿಸಿ.

ಇಷ್ಟಾದರೂ ಕಚ್ಚಿದರೆ

ವಾದ ಬೇಡ. ಗಾಯವನ್ನು ಹರಿಯುವ ನೀರಲ್ಲಿ ಸೋಪು ಹಚ್ಚಿ ಪೂರ್ತಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿ ತೊಳೆಯಿರಿ, ಯಾಕೆಂದರೆ ಎರಡೇ ನಿಮಿಷಕ್ಕೆ ಹದಿನೈದು ಆಯಿತು ಅನಿಸುತ್ತದೆ. ಅರಿಶಿನ, ಖಾರದಪುಡಿ, ಸುಣ್ಣ ಏನೂ ಮೆತ್ತಬೇಡಿ. ನಿಮ್ಮದೇ ಗಾಡಿಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಚುಚ್ಚುಮದ್ದು ಆವತ್ತೇ ಶುರುವಾಗಬೇಕು, ಆಮೇಲೆ 3, 7 ಮತ್ತು 28ನೇ ದಿನ, ತೋಳಿನ ಮಾಂಸಖಂಡಕ್ಕೆ ಕೊಡುವುದಾದರೆ 14ನೇ ದಿನವೂ. ರಕ್ತ ಬರುವ ಗಾಯವಾದರೆ ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ (ರೇಬಿಸ್ ವಿರುದ್ಧ ಕೂಡಲೇ ಕೆಲಸ ಮಾಡುವ ಸಿದ್ಧ ಪ್ರತಿಕಾಯ) ಕೂಡ ಬೇಕು. ನಮ್ಮ ನಾಯಿಗೆ ಲಸಿಕೆ ಆಗಿದೆ, ನಿಮಗೇನೂ ಬೇಕಿಲ್ಲ ಅಂತ ನೀವು ಹೇಳಬೇಡಿ, ಅದನ್ನು ಡಾಕ್ಟರು ಹೇಳಲಿ. ನಾಯಿಯನ್ನು ಹತ್ತು ದಿನ ಕಣ್ಣೆದುರೇ ಇಟ್ಟುಕೊಳ್ಳಿ, ಮಂಕಾದರೆ ಕೂಡಲೇ ನಾಯಿಯ ಡಾಕ್ಟರಿಗೂ ಕಚ್ಚಿಸಿಕೊಂಡವರ ಡಾಕ್ಟರಿಗೂ ತಿಳಿಸಿ.

ಗೇಟಿಗೆ ‘ನಾಯಿ ಇದೆ ಎಚ್ಚರಿಕೆ’ ಬೋರ್ಡ್ ಹಾಕಿದರೆ ಹೊಣೆ ಮುಗಿಯಿತು ಅಂದುಕೊಂಡವರು ಜಾಸ್ತಿ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ ಸಾಕಿದ ಪ್ರಾಣಿಯಿಂದ ಮನುಷ್ಯರಿಗೆ ಅಪಾಯ ಆಗದಂತೆ ನೋಡಿಕೊಳ್ಳದಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 5000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಲಸಿಕೆ ಕಾರ್ಡ್ ಎಲ್ಲಿದೆ ಅಂತ ಇವತ್ತೇ ಹುಡುಕಿ ಇಡಿ. ನಮ್ಮನೆಯದು ಫ್ರಿಜ್ ಮೇಲೆ, ಗ್ಯಾಸ್ ಪುಸ್ತಕದೊಳಗೆ ಇದೆ. ಅವ್ವನಿಗೂ ಹೇಳಿಟ್ಟಿದ್ದೇನೆ.