ಲಂಡನ್ ಮ್ಯೂಸಿಯಂ ಸುತ್ತಲು ಶುಕ್ರವಾರವೇ ಸರಿ

ಲಂಡನ್ನಿನ ದೊಡ್ಡ ಮ್ಯೂಸಿಯಂಗಳಿಗೆ ಪ್ರವೇಶ ಉಚಿತ. ಹಾಗಾಗಿ ವಿದ್ಯಾರ್ಥಿಗಳು ದುಡ್ಡಿಗಿಂತ ಹೊತ್ತಿನ ಲೆಕ್ಕ ಹಾಕಬೇಕು. ಶುಕ್ರವಾರ ಆರಿಸಿಕೊಳ್ಳಿ. ಬೇರೆ ದಿನ ಸಂಜೆ 5ಕ್ಕೆ ಬಾಗಿಲು ಹಾಕುವ ಬ್ರಿಟಿಷ್ ಮ್ಯೂಸಿಯಂ ಅಂದು ರಾತ್ರಿ 8.30ರವರೆಗೆ, ನ್ಯಾಷನಲ್ ಗ್ಯಾಲರಿ 9ರವರೆಗೆ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ 10ರವರೆಗೆ ತೆರೆದಿರುತ್ತವೆ.

ಹಿಂದಿನ ದಿನವೇ ಬ್ರಿಟಿಷ್ ಮ್ಯೂಸಿಯಂನ ಜಾಲತಾಣದಲ್ಲಿ ಬೆಳಿಗ್ಗೆ 10ರ ಉಚಿತ ಟಿಕೆಟ್ ಕಾದಿರಿಸಿ. ಚಕ್ರದ ಸೂಟ್‌ಕೇಸ್ ಒಳಗೆ ಬಿಡುವುದಿಲ್ಲ. ಹಾಸ್ಟೆಲ್ ಖಾಲಿ ಮಾಡಿ ಲಗೇಜ್ ಎಳೆದುಕೊಂಡು ಬಂದರೆ ಗೇಟಿನಿಂದಲೇ ವಾಪಸ್.

ನೆಲದಡಿಯ ಟ್ಯೂಬ್ ರೈಲಿಗೂ ಬಸ್ಸಿಗೂ ಇಡೀ ದಿನ, ಯಂತ್ರಕ್ಕೆ ಮುಟ್ಟಿಸಿ ಹಣ ಕಟ್ಟುವ ಒಂದೇ ಬ್ಯಾಂಕ್ ಕಾರ್ಡ್ ಬಳಸಿ. ಒಂದು ಮಿತಿ ದಾಟಿದ ಮೇಲೆ ಆ ದಿನಕ್ಕೆ ಹೆಚ್ಚಿನ ದುಡ್ಡು ಕಡಿತವಾಗುವುದಿಲ್ಲ. ಆದರೆ ಬೆಳಿಗ್ಗೆ ಕಾರ್ಡ್, ಸಂಜೆ ಅದೇ ಕಾರ್ಡ್ ಇರುವ ಮೊಬೈಲ್ ಮುಟ್ಟಿಸಿದರೆ ಎರಡು ಪ್ರತ್ಯೇಕ ಲೆಕ್ಕವಾಗಿ ಆ ಲಾಭ ತಪ್ಪುತ್ತದೆ. ಟ್ಯೂಬ್‌ನಲ್ಲಿ ಹತ್ತುವಾಗಲೂ ಇಳಿದು ಹೊರಬರುವಾಗಲೂ ಮುಟ್ಟಿಸಬೇಕು, ಮರೆತರೆ ಗರಿಷ್ಠ ದರ ಬೀಳುತ್ತದೆ. ಬಸ್ಸಿನಲ್ಲಿ ಹತ್ತುವಾಗ ಮಾತ್ರ. ಬಸ್ಸುಗಳಲ್ಲಿ ನಗದು ನಡೆಯುವುದಿಲ್ಲ.

ಬ್ರಿಟಿಷ್ ಮ್ಯೂಸಿಯಂಗೆ ಎರಡೂವರೆ ಗಂಟೆ ಇಟ್ಟುಕೊಳ್ಳಿ. ಎಲ್ಲ ಕೋಣೆ ಸುತ್ತುತ್ತೇನೆಂದು ಹೊರಟವರಿಗೆ ಮಧ್ಯಾಹ್ನದ ಹೊತ್ತಿಗೆ ಕಾಲುನೋವೊಂದೇ ಉಳಿಯುತ್ತದೆ. ಒಳಹೊಕ್ಕವರೇ 4ನೇ ಕೋಣೆಗೆ, ಈಜಿಪ್ಟಿನ ರೊಸೆಟ್ಟಾ ಶಿಲೆಯ ಬಳಿಗೆ ನಡೆಯಿರಿ. ತಡವಾದರೆ ಕಾಣುವುದು ಜನರ ಬೆನ್ನು ಮಾತ್ರ. ಕ್ರಿಸ್ತಪೂರ್ವ 196ರ ಈ ಶಾಸನದಲ್ಲಿ ಒಂದೇ ಆಜ್ಞೆ ಮೂರು ಲಿಪಿಗಳಲ್ಲಿದೆ: ಮೇಲೆ ಚಿತ್ರಲಿಪಿ, ನಡುವೆ ಈಜಿಪ್ಟಿನ ದಿನಬಳಕೆಯ ಲಿಪಿಯಾದ ಡೆಮೋಟಿಕ್, ಕೆಳಗೆ ಗ್ರೀಕ್. ಚಿತ್ರಲಿಪಿಯ ಸಾಲುಗಳಲ್ಲಿ ಉದ್ದನೆಯ ಅಂಡಾಕಾರದ ಗೆರೆ ಹುಡುಕಿ. ಅದರೊಳಗಿರುವುದು ದೊರೆ ಟಾಲೆಮಿಯ ಹೆಸರು. ಓದುವ ಬಗೆಯೇ ಮರೆತುಹೋಗಿದ್ದ ಚಿತ್ರಲಿಪಿಯ ಗಂಟು ಬಿಚ್ಚಿಕೊಂಡದ್ದು ಇಂಥ ಹೆಸರುಗಳಿಂದಲೇ. ಶಿಲೆ ಗಾಜಿನೊಳಗಿದೆ. ಅಕ್ಷರಗಳ ಕೊರೆತ ಬೆರಳಿಗೆ ಹೇಗೆ ಸಿಗುತ್ತದೆಂದು ತಿಳಿಯಬೇಕಾದರೆ 1ನೇ ಕೋಣೆಯಲ್ಲಿ ಮುಟ್ಟಿ ನೋಡಬಹುದಾದ ಪ್ರತಿಕೃತಿ ಇದೆ, ಅಲ್ಲಿ ಜನವೂ ಕಡಿಮೆ. ಆಮೇಲೆ 10ನೇ ಕೋಣೆಯ ಅಸಿರಿಯಾದ ಸಿಂಹಬೇಟೆಯ ಉಬ್ಬುಶಿಲ್ಪ, ಅಮರಾವತಿ ಸ್ತೂಪದ ಶಿಲ್ಪಗಳು. ಇಷ್ಟು ಸಾಕು.

ಅಲ್ಲಿಂದ ನ್ಯಾಷನಲ್ ಗ್ಯಾಲರಿ ಇರುವ ಟ್ರಾಫಲ್ಗರ್ ಚೌಕಕ್ಕೆ ಇಪ್ಪತ್ತು ನಿಮಿಷದ ನಡಿಗೆ. ಬುತ್ತಿ ಅಲ್ಲೇ ಬಿಚ್ಚಿ, ನೀರನ್ನೂ ಹೊರಗೇ ಕುಡಿದು ಮುಗಿಸಿ. ಪ್ರತಿಭಟನಕಾರರು ಚಿತ್ರಗಳ ಮೇಲೆ ಸೂಪ್ ಎರಚಿದ ಘಟನೆಗಳ ನಂತರ, 2024ರ ಅಕ್ಟೋಬರ್‌ನಲ್ಲಿ ನ್ಯಾಷನಲ್ ಗ್ಯಾಲರಿ ದ್ರವ ಪದಾರ್ಥಗಳನ್ನು ನಿಷೇಧಿಸಿತು.

ಒಳಗೆ ಎರಡು ಚಿತ್ರಗಳನ್ನಾದರೂ ನಿಧಾನವಾಗಿ ನೋಡಿ. ವಾನ್ ಐಕ್ 1434ರಲ್ಲಿ ಬರೆದ ಆರ್ನೊಲ್ಫಿನಿ ದಂಪತಿಯ ಚಿತ್ರದ ಹಿಂಗೋಡೆಯಲ್ಲಿ ಪುಟ್ಟ ಉಬ್ಬುಗನ್ನಡಿ ಇದೆ. ದಂಪತಿಯ ಬೆನ್ನಲ್ಲದೆ, ಬಾಗಿಲಲ್ಲಿ ನಿಂತ ಇನ್ನಿಬ್ಬರೂ ಅದರಲ್ಲಿ ಕಾಣುತ್ತಾರೆ. ಹೋಲ್ಬೈನ್‌ನ 1533ರ 'ರಾಯಭಾರಿಗಳು' ಚಿತ್ರದ ಬುಡದಲ್ಲಿ ಓರೆಯಾಗಿ ಎಳೆದಂತಹ ಬೂದು ಮಚ್ಚೆಯೊಂದಿದೆ. ಎದುರಿಗೆ ನಿಂತರೆ ಅರ್ಥವಾಗದು. ಚಿತ್ರದ ಬಲ ಅಂಚಿನ ಬಳಿ ಸರಿದು ಓರೆನೋಟದಿಂದ ನೋಡಿ, ತಲೆಬುರುಡೆಯಾಗಿ ಎದ್ದು ನಿಲ್ಲುತ್ತದೆ.

ನಾಲ್ಕು ಗಂಟೆಯ ಸುಮಾರಿಗೆ ವೈಟ್‌ಹಾಲ್ ರಸ್ತೆಯಲ್ಲಿ ಇಳಿದು, ಬಿಗ್ ಬೆನ್ ದಾಟಿ, ವೆಸ್ಟ್‌ಮಿನ್ಸ್ಟರ್ ಸೇತುವೆಯಿಂದ ಥೇಮ್ಸ್‌ನ ಆಚೆ ದಡಕ್ಕೆ ಹೋಗಿ. ಬಲಕ್ಕೆ ತಿರುಗಿ ನದಿಯಂಚಿನಲ್ಲೇ ಸಾಗಿದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನ ಪ್ರತಿಮೆ ಸಿಗುತ್ತದೆ. ಅನಾವರಣವಾದದ್ದು 2015ರ ನವೆಂಬರ್ 14ರಂದು. ಅನುಭವ ಮಂಟಪದ ಬಸವಣ್ಣನಿಗೆ ಪಾರ್ಲಿಮೆಂಟಿನ ಆಚೆ ದಡದ ಈ ಜಾಗ ಒಪ್ಪುತ್ತದೆ. ಕತ್ತಲಾಗುವ ಮುನ್ನ ತಲುಪಿ. ಚಳಿಗಾಲದಲ್ಲಿ ನಾಲ್ಕಕ್ಕೇ ಸೂರ್ಯ ಮುಳುಗುವುದರಿಂದ ಒಂದು ಗಂಟೆ ಮುಂಚೆಯೇ ಹೊರಡಿ.

ಮುಂದೆ ವಾಕ್ಸ್‌ಹಾಲ್ ನಿಲ್ದಾಣದಿಂದ ವಿಕ್ಟೋರಿಯಾ ನಿಲ್ದಾಣಕ್ಕೆ ಟ್ಯೂಬ್, ಅಲ್ಲಿ ಬದಲಿಸಿ ಸೌತ್ ಕೆನ್ಸಿಂಗ್ಟನ್. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹದಲ್ಲಿ ಟಿಪ್ಪುವಿನ ಹುಲಿ ಇದೆ. ಪ್ರದರ್ಶನದಲ್ಲಿದೆಯೇ, ಆ ಕೋಣೆ ಸಂಜೆ ತೆರೆದಿರುತ್ತದೆಯೇ ಎಂದು ಬೆಳಿಗ್ಗೆಯೇ ಜಾಲತಾಣದಲ್ಲಿ ನೋಡಿಕೊಳ್ಳಿ, ಏಕೆಂದರೆ ಶುಕ್ರವಾರ ರಾತ್ರಿ ಎಲ್ಲ ಕೋಣೆಗಳೂ ತೆರೆದಿರುವುದಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರ ಕೈಸೇರಿದ ಮರದ ಹುಲಿ, ಉದ್ದ 178 ಸೆಂಟಿಮೀಟರ್. ಪಕ್ಕದ ಹಿಡಿಕೆ ತಿರುಗಿಸಿದರೆ ಕೆಳಗೆ ಬಿದ್ದ ಯುರೋಪಿಯನ್ನನ ಕೈ ಮೇಲೇಳುತ್ತಿತ್ತು, ಅವನ ನರಳಾಟವೂ ಹುಲಿಯ ಗುರುಗುಟ್ಟುವಿಕೆಯೂ ಕೇಳುತ್ತಿದ್ದವು. ಹುಲಿಯ ಹೊಟ್ಟೆಯೊಳಗೆ ಪುಟ್ಟ ಆರ್ಗನ್ ವಾದ್ಯವಿದೆ. ಪಕ್ಕದ ಮುಚ್ಚಳ ತೆರೆದಿದ್ದರೆ ಬಗ್ಗಿ ಅದರ ಕೀಲಿಗಳನ್ನು ನೋಡಿ.