ಪದವಿ ಕೋರ್ಸಿನ ಪರಿಶೀಲನೆಗೆ ವಿದ್ಯಾರ್ಥಿಗಳನ್ನೇ ಕೂರಿಸಿದೆ: ನನ್ನ ಅನುಭವ

ನಮ್ಮ ಪದವಿ ಕೋರ್ಸಿನ ಪರಿಶೀಲನೆಗೆ ವಿದ್ಯಾರ್ಥಿಗಳನ್ನೇ ಕೂರಿಸೋಣ ಎಂದಾಗ, "ಸುಲಭದ ಪೇಪರ್ ಕೇಳ್ತಾರೆ ಅಷ್ಟೇ" ಎಂದು ನಮ್ಮ ವಿಭಾಗದಲ್ಲಿ ಜಾಸ್ತಿ ಜನ ಹೇಳಿದ್ದರು. ಈ ಸಲದ ಪರಿಶೀಲನೆ ಮುಗಿದಿದೆ. ಒಬ್ಬರೂ ಸುಲಭದ ಪೇಪರ್ ಕೇಳಲಿಲ್ಲ.

ಮೊದಲು ಕೈಕೊಟ್ಟಿದ್ದನ್ನು ಹೇಳುತ್ತೇನೆ. ಸೆಮಿಸ್ಟರ್ ಕೊನೆಯ ಫೀಡ್‌ಬ್ಯಾಕ್ ಫಾರ್ಮ್ ನಿಮಗೆ ಗೊತ್ತೇ ಇದೆ. ತುಂಬುತ್ತಿದ್ದವರು ಐದರಲ್ಲಿ ಒಬ್ಬರೋ ಏನೋ. ಅದರಲ್ಲೂ ಬರೀ ಮೇಷ್ಟ್ರ ಬಗ್ಗೆ ದೂರು, ಹೊಗಳಿಕೆ. ಆಮೇಲೆ ಸಮಿತಿಗೆ ಒಬ್ಬ ವಿದ್ಯಾರ್ಥಿ ಪ್ರತಿನಿಧಿ ಬಂದಳು. ಸುತ್ತ ಹತ್ತು ಹನ್ನೆರಡು ಪ್ರಾಧ್ಯಾಪಕರು, ಕೈಯಲ್ಲಿ ಹಿಂದಿನ ದಿನ ಸಿಕ್ಕ ನೂರು ಚಿಲ್ಲರೆ ಪುಟದ ಫೈಲು. ಏನು ಮಾತಾಡಿಯಾಳು?

ಅದಕ್ಕೇ ಈ ಸಲ ಎಂಟು ವಿದ್ಯಾರ್ಥಿಗಳನ್ನು ಕೂರಿಸಲು ಹೊರಟೆ. ದೊಡ್ಡ ಜಗಳ ಆಗಿದ್ದು ದುಡ್ಡಿಗೆ. ಅವರಿಗೆ ಗಂಟೆ ಲೆಕ್ಕದಲ್ಲಿ ಸಂಭಾವನೆ ಕೊಡಲೇಬೇಕು ಎಂದು ನಾನು ಹಟ ಹಿಡಿದೆ. ಹೊರಗಿನ ತಜ್ಞರಿಗೆ ಪ್ರಯಾಣ, ವಸತಿ, ಗೌರವಧನ ಎಲ್ಲಾ ಕೊಡುತ್ತೇವೆ ಅಲ್ವಾ? ಬಿಟ್ಟಿ ಕರೆದರೆ ಪುರುಸೊತ್ತು ಇದ್ದವರಷ್ಟೇ ಬರುತ್ತಾರೆ. ದುಡಿದು ಓದುವವರ ಕಷ್ಟ ನಮ್ಮ ಕಿವಿಗೆ ಬೀಳುವುದೇ ಇಲ್ಲ. ಎಂಟು ಜನರ ಇಡೀ ಸೆಮಿಸ್ಟರಿನ ಖರ್ಚು, ಇಬ್ಬರು ತಜ್ಞರ ಒಂದು ಭೇಟಿಯ ಖರ್ಚಿಗಿಂತ ಸ್ವಲ್ಪ ಕಡಿಮೆಯೇ ಬಂತು. ಆ ಲೆಕ್ಕ ಮುಂದಿಟ್ಟೆ. ಜೊತೆಗೆ, ಬಾಹ್ಯ ಪರಿಶೀಲನಾ ತಂಡದಲ್ಲಿ ವಿದ್ಯಾರ್ಥಿ ಇರಬೇಕು ಎನ್ನುವ ಯುರೋಪಿನ 2015ರ ಮಾನದಂಡವನ್ನೂ ತೋರಿಸಿದೆ. ಸ್ಕಾಟ್ಲೆಂಡಿನಲ್ಲಿ 2003ರಿಂದಲೇ ಅದು ನಡೆಯುತ್ತಿದೆ. ಫೈಲಿಗೆ ಸಹಿ ಬಿತ್ತು.

"ಸಿಲಬಸ್ ಓದಿ ಅಭಿಪ್ರಾಯ ಹೇಳಿ" ಎಂದರೆ ಸುಮ್ನೆ ಮುಖ ನೋಡುತ್ತಾರೆ. ಅದಕ್ಕೇ ಒಂದು ದೊಡ್ಡ ಹಾಳೆ ಕೊಟ್ಟೆ. ಎಲ್ಲ ಪೇಪರುಗಳ ಅಸೈನ್‌ಮೆಂಟ್, ಟೆಸ್ಟ್, ಲ್ಯಾಬ್ ವರದಿಯ ಗಡುವನ್ನು ವಾರವಾರ ಬರೆಯಲು ಹೇಳಿದೆ. ಮೂರರಿಂದ ಏಳನೇ ವಾರದವರೆಗೆ ಚೌಕಗಳು ಹೆಚ್ಚುಕಡಿಮೆ ಖಾಲಿ. ಹನ್ನೊಂದು, ಹನ್ನೆರಡನೇ ವಾರದಲ್ಲಿ ಜಾಗ ಸಾಲದೆ ಅಂಚಿನಲ್ಲಿ ಬರೆದಿದ್ದರು. ನಮಗೆಲ್ಲ ನಮ್ಮ ನಮ್ಮ ಪೇಪರ್ ಗೊತ್ತು. ಐದನ್ನೂ ಒಟ್ಟಿಗೆ ಹೊರುವವರು ಅವರೇ ತಾನೇ!

ಆಮೇಲೆ ಕಲಿಕಾ ಫಲಿತಾಂಶಗಳ (ಕೋರ್ಸ್ ಮುಗಿಯುವಾಗ ವಿದ್ಯಾರ್ಥಿಗೆ ಏನೇನು ಬರಬೇಕು ಎಂಬ ಪಟ್ಟಿಯ) ಪಕ್ಕ ಹಳೆಯ ಪ್ರಶ್ನೆಪತ್ರಿಕೆಗಳನ್ನು ಇಟ್ಟುಕೊಂಡು ಕೂತರು. ತಂಡದಲ್ಲಿ ಕೆಲಸ ಮಾಡುವ ಕೌಶಲ ಎಂದು ನಾವು ದಪ್ಪಕ್ಷರದಲ್ಲಿ ಬರೆದಿದ್ದೇವೆ. ಅದನ್ನು ಅಳೆಯುವ ಕೆಲಸ ಯಾವ ಪೇಪರಿನಲ್ಲೂ ಇಲ್ಲ ಎಂದು ತೋರಿಸಿದರು. ಅದಕ್ಕೆ ಯಾರ ಬಳಿಯೂ ಉತ್ತರ ಇರಲಿಲ್ಲ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಮೊದಲ ವರ್ಷದವರಿಗೆ ಕೋರ್ಸಿನ ವಿವರಣೆ ಕೊಟ್ಟು, ಅರ್ಥವಾಗದ ಸಾಲಿಗೆ ಗೆರೆ ಎಳೆಯಿರಿ ಎಂದೆ. ಅರ್ಧಕ್ಕರ್ಧ ಪುಟ ಗೆರೆಗಳಿಂದ ತುಂಬಿತ್ತು. ಪಾಸಾಗಿ ಹೋದವರನ್ನು ಕರೆದದ್ದು ಮಾತ್ರ ಅಷ್ಟೇನೂ ಫಲ ಕೊಡಲಿಲ್ಲ. ಅವರಿಗೆ ಹಳೆಯ ಸಿಲಬಸ್ಸೇ ನೆನಪು.

ವಿದ್ಯಾರ್ಥಿಗಳು ಕೆಲಸ ಮಾಡುವುದು ಇಬ್ಬಿಬ್ಬರ ಜೋಡಿಯಲ್ಲಿ. ಯಾರಿಗೆ ಯಾರನ್ನು ಜೋಡಿ ಮಾಡುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ಇಡೀ ವಿಧಾನದ ಜೀವ ಅದರಲ್ಲೇ ಇದೆ.

ಸುಮಾರು ಇಪ್ಪತ್ತು ಸಲಹೆ ಬಂದವು. ಹದಿಮೂರೋ ಹದಿನಾಲ್ಕೋ ಒಪ್ಪಿದೆವು. ಒಪ್ಪದವಕ್ಕೂ ಒಂದೊಂದು ಸಾಲು ಕಾರಣ ಬರೆದು ಎಲ್ಲ ವಿದ್ಯಾರ್ಥಿಗಳಿಗೂ ಕಳಿಸಿದೆವು. ಮುಂದಿನ ಸುತ್ತಿನ ಎಂಟು ಜಾಗಕ್ಕೆ ಈಗಾಗಲೇ ನಲವತ್ತರ ಹತ್ತಿರ ಅರ್ಜಿ ಬಂದಿವೆ.